ಒಂದು ಮಾತು, ಒಂದು ಹಾಡು

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಆಕ್ಲೆಂಡಿಗೆ ಬಂದ ಮೇಲೆ ನಾನು ಕಂಡ ಶಾಲುಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಇಲ್ಲಿಂದ ವೆಲ್ಲಿಂಗ್ಟನ್ನಿನವರೆಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಬಹುದು. ನಮ್ಮ ಕನ್ನಡ ಸಂಘದ ರಾಜ್ಯೋತ್ಸವವೆಂದರೆ ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ಪ್ರಾಸ್ತಾವಿಕ ನುಡಿ, ಸನ್ಮಾನ, ಸನ್ಮಾನಿತರ ನುಡಿ, ಅಧ್ಯಕ್ಷರ ನುಡಿ, ಮಕ್ಕಳ ಫ್ಯಾಷನ್ ಶೋ. ಇಷ್ಟೆಲ್ಲ ಆಗಿ ಹೊಟ್ಟೆ ತಾಳ ಹಾಕುವ ಹೊತ್ತಿಗೆ ನಮ್ಮ ನಾಟಕ. ಅಷ್ಟರಲ್ಲಿ ಅಡುಗೆಮನೆ ಕಡೆಯಿಂದ ಬಿಸಿಬೇಳೆಬಾತಿನ ವಾಸನೆ ಬರತೊಡಗಿರುತ್ತದೆ. ಹೋದ ವರ್ಷ ನನ್ನ ನಾಟಕದ ರಾಜ ಯುದ್ಧದಲ್ಲಿ ಗಾಯಗೊಂಡು ಕೊನೆಯ ಮಾತು ಆಡುತ್ತಿದ್ದಾಗ ಹಿಂದಿನ ಸಾಲಿನವರು ತಟ್ಟೆ ಹಿಡಿದು ಎದ್ದರು. ಅವರನ್ನು ನೋಡಿ ಮುಂದಿನ ಸಾಲಿನವರೂ ಎದ್ದರು. ರಾಜ ಪಾಪ, ಅರ್ಧ ಮಾತು ನುಂಗಿ ಗಡಬಡಿಸಿ ಸತ್ತ.

ಆ ರಾಜನೇ ಸಂಘದ ಅಧ್ಯಕ್ಷರಾದ ರಘುನಾಥ್. ಬೆಂಗಳೂರಿನವರು, ಸಾಫ್ಟ್‌ವೇರ್ ಮ್ಯಾನೇಜರ್. ಶಾಲುಗಳ ಖರೀದಿಯೂ ಅವರದೇ. ಒಳ್ಳೆಯ ನಟ ಎಂಬುದೊಂದೇ ಕಾರಣಕ್ಕೆ ನಾನು ಅವರನ್ನು ಸಹಿಸಿಕೊಂಡಿದ್ದೇನೆ.

ನಾನು ಲೀಲಾ, ಮೈಸೂರಿನವಳು. ವಾರದಲ್ಲಿ ಐದು ದಿನ ಫಿಸಿಯೋಥೆರಪಿಸ್ಟ್, ಜನರ ಬಿಗಿದ ಮಂಡಿಗಳನ್ನು ಬಗ್ಗಿಸುತ್ತೇನೆ. ಶನಿವಾರ, ಭಾನುವಾರ ನಾಟಕ ಮಾಡಿಸುತ್ತೇನೆ. ಎರಡೂ ಕೆಲಸಕ್ಕೆ ಬೇಕಾದದ್ದು ಗಟ್ಟಿ ಬಾಯಿ, ಅದು ನನಗೆ ಹುಟ್ಟಿನಿಂದಲೇ ಬಂದಿದೆ.

ನಮ್ಮ ತಾಲೀಮು ನಡೆಯುತ್ತಿದ್ದದ್ದು ಪೆನ್‌ರೋಸ್‌ನ ಒಂದು ಗೋದಾಮಿನಲ್ಲಿ. ತಂಡದ ಲಿಂಗರಾಜ ಅಲ್ಲಿ ಸೂಪರ್‌ವೈಸರ್. ಖಾಲಿ ಬಿದ್ದಿದ್ದ ಒಂದು ಮೂಲೆಯನ್ನು ಮಾಲೀಕರನ್ನು ಕೇಳಿ ವಾರಾಂತ್ಯಕ್ಕೆ ಕೊಡಿಸಿದ್ದ. ತಗಡಿನ ಸೂರು, ಸಿಮೆಂಟಿನ ನೆಲ. ಇಲ್ಲಿ ಚಳಿಗಾಲವಾದ ಜುಲೈ ತಿಂಗಳಲ್ಲಿ ಪ್ರೇಮದ ದೃಶ್ಯಕ್ಕೂ ಜಾಕೆಟ್ ಬಿಚ್ಚುವಂತಿರಲಿಲ್ಲ. ಆದರೂ ಅದು ನಮ್ಮ ಜಾಗ. ಅಲ್ಲಿ ಯಾರೂ ನಮಗೆ ಬೇಗ ಮುಗಿಸಿ ಎನ್ನುತ್ತಿರಲಿಲ್ಲ.

ಮೊದಲ ದಿನವೇ ನನಗೆ ಒಂದು ವಿಷಯ ಗೊತ್ತಾಯಿತು. ನಮ್ಮ ಜನಕ್ಕೆ ಬಾಯಿ ಬಿಟ್ಟು ಮಾತಾಡುವುದೇ ಮರೆತುಹೋಗಿದೆ. ವಾರವೆಲ್ಲ ಆಫೀಸಿನ ಮೀಟಿಂಗುಗಳಲ್ಲಿ ಮೆತ್ತಗೆ ಗೊಣಗಿ ಗೊಣಗಿ, ರಂಗದ ಮೇಲೂ ಪಕ್ಕದವನ ಕಿವಿಗೆ ಗುಟ್ಟು ಹೇಳುವ ಹಾಗೆ ಮಾತಾಡುತ್ತಾರೆ. ಸಂಭಾಷಣೆಯ ಕಾಗದ ಕೊಟ್ಟರೆ ತಲೆ ತಗ್ಗಿಸಿ ಅದರಲ್ಲೇ ಮುಳುಗುತ್ತಾರೆ. ಕಾಗದವೇ ಬೇಡದ್ದು ಏನಿದೆ ಎಂದು ಯೋಚಿಸಿ ನಾನು ಮಗ್ಗಿ ಹಿಡಿದೆ. ಎಲ್ಲರೂ ಕನ್ನಡ ಶಾಲೆಯಲ್ಲಿ ಬೆತ್ತದ ಏಟು ತಿಂದು ಕಲಿತದ್ದು. ಹುಬ್ಬಳ್ಳಿಯಾಗಲಿ, ಹಾಸನವಾಗಲಿ, ಅದು ಒಳಗೆ ಗಟ್ಟಿಯಾಗಿ ಕೂತಿರುತ್ತದೆ.

"ಎರಡೊಂದ್ಲ!" ಎಂದು ನಾನು ಕೂಗುತ್ತಿದ್ದೆ. "ಎರಡು!" ಎಂದು ಅವರು ಹಿಂದಿನ ಗೋಡೆಗೆ ತಾಗುವ ಹಾಗೆ ಕೂಗಬೇಕು. "ಎರಡೆರಡ್ಲ!" "ನಾಲ್ಕು!" ದಿನ ಹೋದ ಹಾಗೆ ಅದಕ್ಕೊಂದು ಧಾಟಿ ಬಂತು, ಕಾಲಿನ ತಾಳ ಬಂತು. ಲಿಂಗರಾಜ ಸರಕು ಪೇರಿಸುವ ಮರದ ಪ್ಯಾಲೆಟ್ಟನ್ನು ತಟ್ಟತೊಡಗಿದ. ತಾಲೀಮು ಶುರುವಾಗುವ ಮುನ್ನ ಎರಡು, ಮೂರು, ನಾಲ್ಕರ ಮಗ್ಗಿ ಮುಗಿಯಲೇಬೇಕು. ಇದನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ.

"ನೋಡಿ ಲೀಲಾ ಅವ್ರೇ, ನಂಗೆ ಐವತ್ತು ದಾಟಿದೆ," ಎನ್ನುತ್ತಿದ್ದರು ರಘುನಾಥ್. "ಎರಡರ ಮಗ್ಗಿ ಒಪ್ಪಿಸ್ತಾ ನಿಂತಿದೀನಿ. ಹೊರಗಿನವ್ರು ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?"

"ರಾಜನ ಗಂಟ್ಲು ಕೊನೇ ಸಾಲಿಗೆ ಕೇಳೋವರ್ಗೂ ಒಪ್ಪಿಸಿ," ಎನ್ನುತ್ತಿದ್ದೆ.

ಹೀಗಿರುವಾಗ, ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ, ಅಂದರೆ ಇಲ್ಲಿನ ಜನವರಿಯಲ್ಲಿ, ಲಿಂಗರಾಜ ಮುಖ ಸಣ್ಣದು ಮಾಡಿಕೊಂಡು ಬಂದ.

"ಮೇಡಂ, ಕಂಪನಿಯವ್ರು ಆ ಮೂಲ್ಯಾಗೂ ರ‍್ಯಾಕ್ ಹಾಕಾಕತ್ತಾರ‍್ರಿ. ಮಾರ್ಚಿಗೆ ಖಾಲಿ ಮಾಡ್ಬೇಕಂತ್ರಿ. ನಾ ಭಾಳ ಹೇಳಿ ನೋಡ್ದೆ."

ನಾನು ಬೇರೆ ಜಾಗಕ್ಕೆ ಅಲೆದೆ. ಈಸ್ಟ್ ತಮಾಕಿಯವರೆಗೂ ಹೋಗಿ ಬಂದೆ. ಶಾಲೆಯ ಹಾಲುಗಳು ಒಂದು ದಿನಕ್ಕೆ ಸಿಗುತ್ತವೆ, ವರ್ಷಕ್ಕೆ ಸಿಗುವುದಿಲ್ಲ. ಯಾರದ್ದಾದರೂ ಗ್ಯಾರೇಜಿನಲ್ಲಿ ಮಾಡೋಣವೆಂದರೆ ಮಗ್ಗಿಯ ಎರಡನೇ ಸಾಲಿಗೇ ಪಕ್ಕದ ಮನೆಯವರು ಕೌನ್ಸಿಲ್ಲಿಗೆ ಫೋನು ಮಾಡುತ್ತಾರೆ. ಜಾಗವಿಲ್ಲದಿದ್ದರೆ ಈ ತಂಡ ಒಂದು ಚಳಿಗಾಲ ಉಳಿಯುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಬ್ಬರು ಕ್ರಿಕೆಟ್ಟಿಗೆ ಹೋಗುತ್ತಾರೆ, ಇನ್ನೊಬ್ಬರು ಮಗಳ ಈಜಿಗೆ. ಕೊನೆಗೆ ನನಗೆ ಉಳಿಯುವುದು ಮಂಡಿಗಳು ಮಾತ್ರ.

ಆಗ ನಮ್ಮ ತಂಡದ ನರ್ಸ್ ಕಾಮಾಕ್ಷಿ ಒಂದು ಸುದ್ದಿ ತಂದಳು. ಪೆನ್‌ರೋಸ್‌ನಿಂದ ಸ್ವಲ್ಪ ಆಚೆ ಮುಚ್ಚಿಹೋಗಿದ್ದ ಹಳೆಯ ಬೌಲಿಂಗ್ ಕ್ಲಬ್ಬನ್ನು, ಅಂದರೆ ಮುದುಕರು ಹುಲ್ಲಿನ ಮೇಲೆ ಚೆಂಡುರುಳಿಸಿ ಆಡುತ್ತಿದ್ದ ಜಾಗವನ್ನು, ಊರವರೇ ಸೇರಿ ಕಲಾಮನೆ ಮಾಡಿಕೊಂಡಿದ್ದಾರೆ, ಕುಂಬಾರಿಕೆಯವರಿದ್ದಾರೆ, ಸಮೋವಾ ದ್ವೀಪದವರ ಹಾಡಿನ ಗುಂಪಿದೆ, ಪುಟ್ಟ ಗಿಟಾರಿನಂಥ ಉಕುಲೆಲೆ ನುಡಿಸುವ ಅಜ್ಜ ಅಜ್ಜಿಯರಿದ್ದಾರೆ. ಸಣ್ಣದೊಂದು ರಂಗವೂ ಇದೆ. ತಿಂಗಳ ಎರಡನೇ ಶನಿವಾರ ಪ್ರದರ್ಶನಕ್ಕೆ ಖಾಲಿ ಇದೆ, ಭಾನುವಾರಗಳಲ್ಲಿ ತಾಲೀಮಿಗೂ ಜಾಗವಿದೆ, ಯಾವುದಾದರೂ ಹೊಸ ತಂಡವನ್ನು ಸೇರಿಸಿಕೊಳ್ಳಬೇಕೆಂದಿದ್ದಾರೆ.

ಆ ಮನೆಯ ಯಜಮಾನಿಕೆ ಅರೊಹಾ ಎಂಬ ಮಾವೊರಿ, ಅಂದರೆ ಇಲ್ಲಿನ ಮೂಲನಿವಾಸಿ, ಹೆಂಗಸಿನದು. ಅರವತ್ತೈದು ದಾಟಿರಬಹುದು. ಎಲ್ಲರಿಗೂ ಆಂಟಿ. ನಾನು ಫೋನು ಮಾಡಿದಾಗ ನಮ್ಮ ನಾಟಕಗಳ ಪಟ್ಟಿ, ಫೋಟೋ, ಪತ್ರಿಕೆಯಲ್ಲಿ ಬಂದ ಸುದ್ದಿ ಎಲ್ಲ ಕಳಿಸುತ್ತೇನೆಂದೆ. ಅದೇನೂ ಬೇಡ ಎಂದರು. "ಶನಿವಾರ ಬೆಳಿಗ್ಗೆ ನಿಮ್ಮವರನ್ನೆಲ್ಲ ಕರೆದುಕೊಂಡು ಬನ್ನಿ. ನಾವು ನಿಮ್ಮನ್ನು ಬರಮಾಡಿಕೊಳ್ಳುತ್ತೇವೆ. ನಿಮ್ಮ ಕಡೆಯಿಂದ ಒಂದು ಮಾತು, ಒಂದು ಹಾಡು. ಆಮೇಲೆ ಚಹಾ ಕುಡಿಯುತ್ತ ಎಲ್ಲರೂ ಕೂತು ನಿರ್ಧಾರ ಮಾಡೋಣ."

ಒಂದು ಮಾತು, ಒಂದು ಹಾಡು. ಇಷ್ಟೇ ತಾನೇ ಎಂದು ನನಗೆ ನಗು ಬಂತು. ಮಾತಿಗೆ ನಮ್ಮಲ್ಲಿ ಎಂದು ಬರವಿತ್ತು? ಹಾಡಿಗೆ ನಮ್ಮ ತಂಡದ ಹುಡುಗಿ ಶ್ರೀಲಕ್ಷ್ಮಿ ಇದ್ದಾಳೆ. ಹದಿನಾಲ್ಕು ವರ್ಷ ಸಂಗೀತ ಕಲಿತವಳು, ಸಂಘದ ಎಲ್ಲ ಕಾರ್ಯಕ್ರಮದಲ್ಲೂ ಪ್ರಾರ್ಥನೆ ಅವಳದೇ. ಅವಳು ಮೈಕಿನ ಮುಂದೆ ನಿಂತರೆ ಉಳಿದವರು ಕೈಮುಗಿದು ಕಣ್ಣು ಮುಚ್ಚಿದರೆ ಮುಗಿಯಿತು.

ರಘುನಾಥ್ ಮನೆಯಲ್ಲಿ ಸಭೆ ಸೇರಿತು. ಕಾಮಾಕ್ಷಿಗೆ ಡ್ಯೂಟಿ ಇತ್ತು, ಅವಳು ಬರಲಿಲ್ಲ. ರಘುನಾಥ್ ಆಗಲೇ ಸ್ವಾಗತಕ್ಕೆ ಒಬ್ಬರು, ತಂಡದ ಪರಿಚಯಕ್ಕೆ ಒಬ್ಬರು, ವಂದನಾರ್ಪಣೆಗೆ ಒಬ್ಬರು ಎಂದು ಹಂಚಿಬಿಟ್ಟಿದ್ದರು. ಸೋಫಾದ ಮೇಲೆ ಮೂರು ಶಾಲು, ಒಂದು ಮೈಸೂರು ಪೇಟ.

"ಒಂದೇ ಮಾತು ಅಂದಿದಾರೆ ರಘುನಾಥ್ ಅವ್ರೇ," ಎಂದೆ.

"ಅವ್ರು ಸಂಕೋಚಕ್ಕೆ ಹಾಗಂದಿರ್ತಾರೆ. ಬರಿಗೈಲಿ ಹೋಗೋಕಾಗುತ್ತಾ? ಫಾರ್ಮ್ಯಾಲಿಟಿ ಅಂತ ಒಂದಿರುತ್ತಲ್ಲ."

ಜಗಳಾಡುವ ಶಕ್ತಿ ನನಗಿರಲಿಲ್ಲ. ಕೀಲಿಕೈ ಸಿಕ್ಕರೆ ಸಾಕು, ಪೇಟ ನನ್ನ ತಲೆಗೇ ಇಟ್ಟರೂ ಅಡ್ಡಿಯಿಲ್ಲ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಕಲಾಮನೆಯ ಗೇಟಿನ ಹತ್ತಿರ ನಾವೆಲ್ಲ ಸೇರಿದೆವು. ಹೆಂಗಸರು ರೇಷ್ಮೆ ಸೀರೆ, ಗಂಡಸರು ಜುಬ್ಬಾ. ಫೋನುಗಳನ್ನು ಕಾರಿನಲ್ಲೇ ಇಡಿ ಎಂದು ಆಣೆ ಮಾಡಿಸಿದ್ದೆ, ನಮ್ಮವರ ಫೋನು ಯಾವ ಹೊತ್ತಿಗೆ ಬಡಿದುಕೊಳ್ಳುತ್ತದೋ ಹೇಳುವಂತಿಲ್ಲ. ಕಾಮಾಕ್ಷಿ ಆಸ್ಪತ್ರೆಯಿಂದ ನೇರ ಬಂದಳು, ಇನ್ನೂ ಯೂನಿಫಾರ್ಮಿನಲ್ಲೇ.

"ಅಕ್ಕಾ, ಯಾವ ಹಾಡು ಪ್ರಾಕ್ಟೀಸ್ ಮಾಡಿದೀರಿ?" ಎಂದು ಕೇಳಿದಳು. "ನಂಗೂ ಹೇಳಿಕೊಡಿ, ನಾನೂ ಸೇರ್ಕೋತೀನಿ."

"ನೀನ್ಯಾಕೆ? ಶ್ರೀಲಕ್ಷ್ಮಿ ಹಾಡ್ತಾಳೆ."

"ಒಬ್ಳೇನಾ?" ಕಾಮಾಕ್ಷಿ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಅಕ್ಕಾ, ನಮ್ಮ ಆಸ್ಪತ್ರೇಲಿ ಹೊಸಬ್ರು ಸೇರಿದಾಗೆಲ್ಲ ಇದೇ ಥರ ಮಾಡ್ತಾರೆ. ಒಬ್ರು ಮಾತಾಡ್ತಾರೆ. ಮುಗಿದ ತಕ್ಷಣ ಅವ್ರ ಕಡೆಯವ್ರೆಲ್ಲ ಎದ್ದು, ಅವ್ರ ಹಿಂದೆ ನಿಂತ್ಕೊಂಡು ಹಾಡ್ತಾರೆ. ಮಾತಾಡಿದವ್ರ ಬೆನ್ನಿಗೆ ನಾವಿದೀವಿ ಅಂತ. ಒಬ್ರು ಹಾಡಿ ಮಿಕ್ಕವ್ರು ಕೇಳೋದಲ್ಲ ಅದು."

ಎಲ್ಲರಿಗೂ ಬರುವ ಒಂದು ಹಾಡು ಬೇಕು, ಈಗಲೇ ಬೇಕು. ರಾಜ್ಯೋತ್ಸವದಲ್ಲಿ ಎದ್ದು ನಿಂತು ಹಾಡುವುದನ್ನೇ ಹಾಡೋಣವೆಂದರು ಯಾರೋ. ಹಾಡಿ ನೋಡಿದರೆ ಇಬ್ಬರದು ಒಂದು ಧಾಟಿ, ಮೂವರದು ಇನ್ನೊಂದು. ಎರಡನೇ ಚರಣಕ್ಕೆ ಎಲ್ಲರ ಬಾಯೂ ಬಂದ್. ಪ್ರತಿ ವರ್ಷ ರೆಕಾರ್ಡಿನ ಜೊತೆ ತುಟಿ ಅಲ್ಲಾಡಿಸಿದ್ದರ ಫಲ. ಸಿನಿಮಾ ಹಾಡೆಂದರೆ ಪಲ್ಲವಿ ಮಾತ್ರ. ದೇವರನಾಮವೆಂದರೆ ಮೈಸೂರಿನವರಿಗೆ ಬಂದದ್ದು ಹುಬ್ಬಳ್ಳಿಯವರಿಗೆ ಬಾರದು. ಇಷ್ಟು ವರ್ಷ ಒಂದೇ ತಂಡವೆಂದುಕೊಂಡು ಓಡಾಡಿದವರಿಗೆ ಒಟ್ಟಿಗೆ ಹಾಡಲು ಒಂದು ಹಾಡಿಲ್ಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

"ನಾನು ಶುರು ಮಾಡ್ತೀನಿ, ನೀವು ಹಿಂದೆ ಹೇಳಿ," ಎಂದಳು ಶ್ರೀಲಕ್ಷ್ಮಿ. ಅಷ್ಟರಲ್ಲಿ ಒಳಗಿನಿಂದ ಹೆಂಗಸೊಬ್ಬರ ಕರೆಯುವ ದನಿ ಉದ್ದಕ್ಕೆ ತೇಲಿ ಬಂತು. ನಾವು ಒಳಗೆ ನಡೆದೆವು.

ಎದುರುಬದುರು ಕುರ್ಚಿ ಹಾಕಿದ್ದರು. ಆ ಕಡೆ ಮನೆಯವರು, ಈ ಕಡೆ ನಾವು. ಒಬ್ಬ ಮಾವೊರಿ ಹಿರಿಯರು ಎದ್ದು, ಕೋಲೂರಿಕೊಂಡು ತಮ್ಮ ಭಾಷೆಯಲ್ಲಿ ಮಾತಾಡಿದರು. ಅರ್ಥವಾಗದಿದ್ದರೂ ನನಗೆ ಮೈ ಜುಮ್ಮೆಂದಿತು. ಮಾತು ಮುಗಿಯುತ್ತಲೇ ಆ ಕಡೆಯವರೆಲ್ಲ ಎದ್ದರು. ಕೈಯಲ್ಲಿ ಇನ್ನೂ ಮಣ್ಣು ಹತ್ತಿದ್ದ ಕುಂಬಾರಿಕೆಯವರು, ಸಮೋವಾದ ದಪ್ಪ ದನಿಯ ಗಂಡಸರು, ಉಕುಲೆಲೆಯ ಅಜ್ಜಿಯರು. ಎಲ್ಲರೂ ಆ ಹಿರಿಯರ ಹಿಂದೆ ನಿಂತು ಹಾಡಿದರು. ಒಬ್ಬ ಅಜ್ಜಿಗೆ ಶ್ರುತಿಯ ಗಂಧವೇ ಇರಲಿಲ್ಲ. ಆದರೆ ಎಲ್ಲರಿಗಿಂತ ಜೋರಾಗಿ ಹಾಡಿದವರು ಆಕೆಯೇ.

ಈಗ ನಮ್ಮ ಸರದಿ. ರಘುನಾಥ್ ಎದ್ದರು. ಮೂವರ ಬದಲು ಒಬ್ಬರೇ ಎಂದು ಗೇಟಿನಲ್ಲಿ ಒಪ್ಪಿಸಿದ್ದೆನಷ್ಟೆ, ಅವರು ಮೂವರ ಭಾಷಣವನ್ನೂ ಒಬ್ಬರೇ ಮಾಡಿದರು. ಕರ್ನಾಟಕದ ಚರಿತ್ರೆ ಹೇಳಿದರು, ತಂಡದ ಚರಿತ್ರೆ ಹೇಳಿದರು, ವಂದನೆಯನ್ನೂ ಅರ್ಪಿಸಿದರು. ಆಮೇಲೆ ಹೋಗಿ ಅರೊಹಾ ಆಂಟಿಗೆ ಶಾಲು ಹೊದಿಸಿದರು, ಆ ಹಿರಿಯರ ತಲೆಗೆ ಪೇಟ ಇಟ್ಟರು. ಬೇರೆ ದಿನವಾಗಿದ್ದರೆ ನಾನು ಹಲ್ಲು ಕಡಿಯುತ್ತಿದ್ದೆ. ಅವತ್ತು ಮಾತ್ರ ಈ ಸನ್ಮಾನ ಮುಗಿಯದಿರಲಿ ದೇವರೇ, ಇನ್ನೂ ಹತ್ತು ಶಾಲಿರಲಿ ಎಂದು ಬೇಡಿಕೊಂಡೆ. ಬದುಕಿನಲ್ಲಿ ಮೊದಲ ಸಲ.

ಶಾಲು ಮುಗಿಯಿತು. ರಘುನಾಥ್ ನಡುವೆ ಒಬ್ಬರೇ ನಿಂತರು. ನಾವೆಲ್ಲ ಎದ್ದು ಅವರ ಹಿಂದೆ ಹೋಗಿ ನಿಂತೆವು. ಶ್ರೀಲಕ್ಷ್ಮಿ ಸೊಂಟದ ಹತ್ತಿರ ಕೈ ಹಾಕಿ ತಡಕಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು, ಮುಖ ಬಿಳಿಚಿಕೊಂಡಿತ್ತು.

"ಆಂಟಿ, ಶ್ರುತಿ ಆ್ಯಪ್ ಫೋನಲ್ಲಿದೆ," ಎಂದು ಪಿಸುಗುಟ್ಟಿದಳು. "ಫೋನ್ ಕಾರಲ್ಲಿದೆ."

"ಶ್ರುತಿ ಇಲ್ದೇನೇ ಹಾಡು."

"ಆಗಲ್ಲ ಆಂಟಿ. ನಂಗೆ ದನೀನೇ ಏಳ್ತಿಲ್ಲ."

ಎದುರಿಗೆ ಅಷ್ಟು ಜನ ಕಾಯುತ್ತಿದ್ದರು. ಪೇಟ ಇಟ್ಟುಕೊಂಡ ಹಿರಿಯರು ಕೋಲಿನ ಮೇಲೆ ಗಲ್ಲವೂರಿ ನಮ್ಮನ್ನೇ ನೋಡುತ್ತಿದ್ದರು. ನನ್ನ ಮುಂದೆ ರಘುನಾಥರ ಬೆನ್ನು. ಜುಬ್ಬಾ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು. ಅಷ್ಟು ಮಾತಾಡಿದ ಮನುಷ್ಯನ ಬೆನ್ನಿಗೆ ಒಂದು ದನಿ ಇಲ್ಲವಲ್ಲ ಎಂದು ನನಗೆ ತಡೆಯಲಾರದ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲ. ಸಿಟ್ಟು ಬಂದಾಗ ನನ್ನ ಬಾಯಿಗೆ ಬರುವುದು ಒಂದೇ.

"ಎರಡೊಂದ್ಲ!" ಎಂದು ಗೋದಾಮಿನಲ್ಲಿ ಕೂಗುವ ಹಾಗೆಯೇ ಕೂಗಿಬಿಟ್ಟೆ.

"ಎರಡು!"

ಯಾರೂ ಯೋಚಿಸಿ ಹೇಳಿದ್ದಲ್ಲ. ಅಷ್ಟು ವಾರಾಂತ್ಯಗಳ ಅಭ್ಯಾಸ, ತಾನಾಗಿಯೇ ಬಂತು. ಹಿಂದಿನ ಗೋಡೆಗೆ ತಾಗಿತು.

"ಎರಡೆರಡ್ಲ!"

"ನಾಲ್ಕು!"

ಮೂರನೆಯದಕ್ಕೆ ಧಾಟಿ ಕೂಡಿಕೊಂಡಿತು, ಮರದ ನೆಲದ ಮೇಲೆ ಕಾಲಿನ ತಾಳ ಶುರುವಾಯಿತು. ಗೋದಾಮಿನ ಸಿಮೆಂಟಿನಲ್ಲಿ ಕೇಳದ ಸದ್ದು ಇಲ್ಲಿ ಧಿಮಿಧಿಮಿ ಎಂದಿತು. ಲಿಂಗರಾಜ ಪ್ಯಾಲೆಟ್ ಸಿಗದೆ ಕುರ್ಚಿಯ ಬೆನ್ನನ್ನು ತಟ್ಟಿದ. ಶ್ರೀಲಕ್ಷ್ಮಿಗೆ ಎಲ್ಲಿತ್ತೋ ದನಿ, ಅದೂ ಎದ್ದಿತು. ಎರಡೈದ್ಲ ಹತ್ತರ ಹೊತ್ತಿಗೆ ಆ ಕಡೆಯ ಸಮೋವಾದವರು ನಾವು ಉತ್ತರ ಹೇಳುವ ಜಾಗದಲ್ಲಿ "ಹೋ!" ಎಂದು ಸೇರಿಸತೊಡಗಿದರು. ಶ್ರುತಿಯಿಲ್ಲದ ಅಜ್ಜಿ ಎದ್ದೇ ನಿಂತರು.

ಎರಡ್ಹತ್ಲ ಇಪ್ಪತ್ತಕ್ಕೆ ಬಂದು ನಿಂತೆವು. ಹಾಡು ಮುಗಿಯಿತೋ ಇಲ್ಲವೋ ಆ ಕಡೆಯವರಿಗೆ ತಿಳಿಯಲಿಲ್ಲ. ಮುಂದೇನೆಂದು ನನಗೂ ತಿಳಿಯಲಿಲ್ಲ.

ಆಗ ಮುಂದೆ ನಿಂತಿದ್ದ ರಘುನಾಥ್, ಹೊರಗಿನವರು ನೋಡಿದರೆ ಏನಂದುಕೊಂಡಾರು ಎನ್ನುತ್ತಿದ್ದ ಅದೇ ರಘುನಾಥ್, ಕತ್ತೆತ್ತಿ, ಸಾಯುವ ರಾಜನ ದನಿಯಲ್ಲಿ ಎತ್ತಿಕೊಂಡರು.

"ಮೂರೊಂದ್ಲ!"

ಆಮೇಲೆ ನಮ್ಮನ್ನು ಹಿಡಿಯುವವರಿರಲಿಲ್ಲ. ಮೂರು ಮುಗಿಸಿ ನಾಲ್ಕು ಹಿಡಿದೆವು. ನಾಲ್ಕರ ನಡುವೆ ಅರೊಹಾ ಆಂಟಿ ನಗುತ್ತ ಎರಡೂ ಕೈ ಎತ್ತಿ, ಸಾಕು, ಚಹಾ ಆರುತ್ತಿದೆ ಎಂದು ಸನ್ನೆ ಮಾಡಿದರು. ಇಡೀ ಮನೆ ಚಪ್ಪಾಳೆ ತಟ್ಟಿತು. ಒಬ್ಬೊಬ್ಬರಾಗಿ ಬಂದು ಕೈ ಹಿಡಿದು, ಮಾವೊರಿ ಪದ್ಧತಿಯಂತೆ ಮೂಗಿಗೆ ಮೂಗು ತಾಗಿಸಿದರು. ಪೇಟದ ಹಿರಿಯರ ಸರದಿ ಬಂದಾಗ ಪೇಟ ಜಾರಿ ರಘುನಾಥರ ಕೈಗೆ ಬಿತ್ತು. ಅವರು ಅದನ್ನು ಮತ್ತೆ ಸರಿಯಾಗಿ ಇಟ್ಟರು. ನನಗೆ ಮೈ ಉರಿಯಲಿಲ್ಲ.

ಚಹಾದ ಮೇಜಿನ ಹತ್ತಿರ ಕುಂಬಾರಿಕೆಯ ಹೆಂಗಸೊಬ್ಬರು ಆ ಹಾಡಿನ ಅರ್ಥವೇನೆಂದು ಕೇಳಿದರು. ರಘುನಾಥ್ ಥಟ್ಟನೆ, ಅದು ಬಹಳ ಪ್ರಾಚೀನವಾದದ್ದು, ವೃದ್ಧಿಗೆ ಸಂಬಂಧಪಟ್ಟದ್ದು ಎಂದು ಶುರುಮಾಡಿದರು. ನಾನು ಬಿಡಲಿಲ್ಲ. ಜಾಗ ಸಿಗುವುದಾದರೆ ನಿಜ ಹೇಳಿಯೇ ಸಿಗಲಿ ಎಂದು, ಅದು ಮಗ್ಗಿ, ಶಾಲೆಯ ಮಕ್ಕಳು ಬಾಯಿಪಾಠ ಮಾಡುವುದು, ನಮಗೆ ಎಲ್ಲರಿಗೂ ಬರುವುದು ಅದೊಂದೇ ಎಂದೆ.

ಅರೊಹಾ ಆಂಟಿ ಬಿಸ್ಕತ್ತು ಕೈಯಲ್ಲೇ ಹಿಡಿದು ನಕ್ಕರು. ನಕ್ಕು ನಕ್ಕು ನಮ್ಮ ಶಾಲಿನ ತುದಿಯಿಂದಲೇ ಕಣ್ಣೊರೆಸಿಕೊಂಡರು. "ಎಷ್ಟರವರೆಗೆ ಇದೆ ಅದು?" ಎಂದು ಕೇಳಿದರು.

"ಇಪ್ಪತ್ತರವರೆಗೆ," ಎಂದ ಲಿಂಗರಾಜ.

"ಹಾಗಾದರೆ ನೀವು ಬಹಳ ಸಲ ಬರಬೇಕಾಗುತ್ತದೆ," ಎಂದು ಅವರು ಜೇಬಿನಿಂದ ಕೀಲಿಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು.

ನನಗೆ ನಂಬಿಕೆಯಾಗಲಿಲ್ಲ. ಕೂತು ನಿರ್ಧಾರ ಮಾಡುತ್ತೇವೆ ಎಂದಿದ್ದಿರಲ್ಲ ಎಂದೆ. "ಆಯಿತಲ್ಲ," ಎಂದರು. "ಹೋದ ವರ್ಷ ಒಂದು ಗುಂಪು ಬಂದಿತ್ತು. ಒಬ್ಬಳು ಹಕ್ಕಿಯ ಹಾಗೆ ಹಾಡಿದಳು, ಮಿಕ್ಕವರು ಗಡಿಯಾರ ನೋಡಿಕೊಂಡರು. ನೀವು ಎಲ್ಲರೂ ಹೆದರಿದ್ದಿರಿ, ನಾನು ನೋಡಿದೆ. ಆದರೆ ಒಬ್ಬರೂ ಅವರ ಬೆನ್ನು ಬಿಟ್ಟು ಸರಿಯಲಿಲ್ಲ."

ಕಾರಿಗೆ ಬಂದು ಕೂತು ಬಾಗಿಲು ಹಾಕಿಕೊಂಡ ಮೇಲೆ ಉಸಿರು ಬಿಟ್ಟೆ. ಜನವರಿಯಿಂದ ಎದೆಯೊಳಗೆ ಹಿಡಿದಿಟ್ಟುಕೊಂಡಿದ್ದ ಉಸಿರು ಅದು. ಅಳುವೂ ಬಂತು, ನಗುವೂ ಬಂತು. ಕಿಟಕಿಯಾಚೆ ಲಿಂಗರಾಜ ಯಾರಿಗೋ ಫೋನಿನಲ್ಲಿ, "ಜಾಗಾ ಸಿಕ್ತ್‌ಲೇ! ಹೌದ್‌ಲೇ, ಮಗ್ಗಿ ಹೇಳಿದ್ದಕ್ಕ!" ಎಂದು ಕೂಗುತ್ತಿದ್ದ.

ಏಪ್ರಿಲ್ ತಿಂಗಳ ಎರಡನೇ ಶನಿವಾರ ಆ ಮನೆಯಲ್ಲಿ ನಮ್ಮ ಮೊದಲ ನಾಟಕ. ಅದೇ ರಾಜನ ನಾಟಕ. ಸ್ವಾಗತ ನುಡಿ ಇಲ್ಲ, ಅಧ್ಯಕ್ಷರ ನುಡಿ ಇಲ್ಲ. ರಘುನಾಥ್ ಒಂದು ಶಾಲಿಗಾದರೂ ಅವಕಾಶ ಕೊಡಿ ಎಂದು ಕೇಳಿಕೊಂಡರು, ನಾಟಕ ಮುಗಿದ ಮೇಲೆ ಎಂದೆ. ಪರದೆಯ ಹಿಂದೆ ನಾವು ಐದರ ಮಗ್ಗಿ ಹೇಳುತ್ತಿದ್ದರೆ ಹೊರಗಿನಿಂದ "ಹೋ!" ಎಂದು ಕೇಳಿಬಂತು. ನಮ್ಮವರೂ ಬಂದಿದ್ದರು, ಆ ಮನೆಯವರೂ ಬಂದಿದ್ದರು. ಕಥೆಯ ಸಾರಾಂಶವನ್ನು ಇಂಗ್ಲಿಷಿನಲ್ಲಿ ಮೊದಲೇ ಹೇಳಿದ್ದೆ. ಉಳಿದದ್ದನ್ನು ಕಾಮಾಕ್ಷಿ ಅರೊಹಾ ಆಂಟಿಯ ಕಿವಿಯಲ್ಲಿ ಹೇಳುತ್ತಿದ್ದಳು.

ಊಟಕ್ಕೆ ಬಿಸಿಬೇಳೆಬಾತು ಮಾಡಿದ್ದರು. ರಾಜನಿಗೆ ಬಾಣ ನಾಟಿ ಅವನು ಮಂಡಿಯೂರುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಬಾಗಿಲು ತೆರೆದುಕೊಂಡು ತುಪ್ಪದ ಒಗ್ಗರಣೆಯ ಘಮ ಇಡೀ ಹಾಲಿಗೆ ಹರಡಿತು. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ನಾನು ಇಣುಕಿ ಹಿಂದಿನ ಸಾಲಿನ ಕಡೆ ನೋಡಿದೆ. ರಘುನಾಥ್ ಕೂಡ ಮೂಗರಳಿಸಿ, ಮಾತು ನಿಲ್ಲಿಸಿ, ಕತ್ತಲೆಯಲ್ಲಿ ಕೂತವರ ಕಡೆ ಒಮ್ಮೆ ನೋಡಿದರು. ಹೋದ ವರ್ಷದ ಅವಸರ ಅವರ ಕಣ್ಣಲ್ಲಿ ಕಂಡಿತು.

ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ. ನಮ್ಮವರು ಕೂತೇ ಇದ್ದರು. ಪೇಟ ಇಟ್ಟುಕೊಂಡೇ ಬಂದಿದ್ದ ಆ ಹಿರಿಯರು ಕೋಲಿನ ಮೇಲೆ ಬಾಗಿ ಕೂತಿದ್ದರು. ಒಬ್ಬರೂ ಏಳಲಿಲ್ಲ.

ರಘುನಾಥ್ ಒಂದು ದೊಡ್ಡ ಉಸಿರು ಎಳೆದುಕೊಂಡು, ನುಂಗಿದ್ದ ಮಾತನ್ನು ಮೊದಲಿನಿಂದ ಹಿಡಿದರು. ಅವರ ದನಿ ಹಿಂದಿನ ಗೋಡೆಯವರೆಗೆ ಹೋಯಿತು. ಸಾಯಿ ಮಾರಾಯ, ಇವತ್ತು ನಿಧಾನವಾಗಿ ಸಾಯಿ ಎಂದುಕೊಂಡು ನಾನು ಅಲ್ಲೇ ಒಂದು ಡಬ್ಬದ ಮೇಲೆ ಕೂತೆ.